ಬುಲೀಡ್ ಕಟ್ಟಿದ ಎಂಜಿನ್

ಕೇಳುಗರಿಗೆ ನಮಸ್ಕಾರ.

ಉಗಿ ಎಂಜಿನ್ ಓಡಿಸುವುದು ಎಷ್ಟು ಮೈಮುರಿಯುವ ಕೆಲಸ ಅಂತ ಪ್ಲಾಟ್‌ಫಾರಂ ಮೇಲೆ ನಿಂತವರಿಗೆ ಗೊತ್ತಾಗುವುದಿಲ್ಲ. ಹೊರಡುವ ಮುಂಚೆ ಡ್ರೈವರ್ ಎಣ್ಣೆ ಡಬ್ಬಿ ಹಿಡಿದು ಎಂಜಿನ್ ಅಡಿಗೆ ನುಸುಳಬೇಕು. ತಿರುಗುವ ಒಂದೊಂದು ಭಾಗಕ್ಕೂ ಎಣ್ಣೆ ಬಿಡಬೇಕು. ಆಮೇಲೆ ದಾರಿಯುದ್ದಕ್ಕೂ ಫೈರ್‌ಮನ್ ಒಲೆಗೆ ಕಲ್ಲಿದ್ದಲು ಸುರಿಯುತ್ತಲೇ ಇರಬೇಕು. ಈ ಪಾಡು ಕಡಿಮೆ ಆಗಲೇಬೇಕು ಅಂತ ಹಠ ಹಿಡಿದವರು ಆಲಿವರ್ ಬುಲೀಡ್. ನ್ಯೂಜಿಲೆಂಡಿನಲ್ಲಿ ಹುಟ್ಟಿದವರು. 1937ರಲ್ಲಿ ಇಂಗ್ಲೆಂಡಿನ ಸದರ್ನ್ ರೈಲ್ವೆಗೆ ಮುಖ್ಯ ಮೆಕ್ಯಾನಿಕಲ್ ಎಂಜಿನಿಯರ್ ಆದರು. ಅವರ ಮರ್ಚೆಂಟ್ ನೇವಿ ಎಂಜಿನ್‌ಗಳ ಬಗ್ಗೆ ಇವತ್ತು ಮಾತಾಡೋಣ.

ಮೊದಲನೆಯ ಎಂಜಿನ್ 1941ರಲ್ಲಿ ಈಸ್ಟ್‌ಲೀ ಕಾರ್ಖಾನೆಯಿಂದ ಹೊರಬಂತು. ಹೆಸರು ಚಾನೆಲ್ ಪ್ಯಾಕೆಟ್. ಯುದ್ಧದ ಕಾಲ ಅದು. ಎಕ್ಸ್‌ಪ್ರೆಸ್ ಎಂಜಿನ್ ಅಂದರೆ ಅನುಮತಿ ಸಿಗುವುದು ಕಷ್ಟ. ಹಾಗಾಗಿ ಪ್ರಯಾಣಿಕರ ರೈಲಿಗೂ ಗೂಡ್ಸಿಗೂ ಆಗುವ ಎಂಜಿನ್ ಅಂತಲೇ ಇದನ್ನು ಪಟ್ಟಿಗೆ ಸೇರಿಸಿದರು. ಸಮುದ್ರದಲ್ಲಿ ಜೀವ ಒತ್ತೆ ಇಟ್ಟಿದ್ದ ವ್ಯಾಪಾರಿ ಹಡಗಿನವರ ಗೌರವಕ್ಕೆ ಮುಂದಿನ ಎಂಜಿನ್‌ಗಳಿಗೆ ಹಡಗು ಕಂಪನಿಗಳ ಹೆಸರಿಟ್ಟರು. 1949ರ ಹೊತ್ತಿಗೆ ಒಟ್ಟು 30 ಎಂಜಿನ್‌ಗಳಾದವು.

ಇದರ ಬಾಯ್ಲರ್ ಬಗ್ಗೆ ಎಷ್ಟು ಹೊಗಳಿದರೂ ಸಾಲದು. ಉಗಿಯ ಒತ್ತಡ ಚದರ ಇಂಚಿಗೆ 280 ಪೌಂಡ್. ಬ್ರಿಟನ್ನಿನಲ್ಲಿ ಅದು ತುಂಬಾ ಜಾಸ್ತಿ. ಒಲೆಯನ್ನು ತಾಮ್ರದ ಬದಲು ಉಕ್ಕಿನಲ್ಲಿ ಬೆಸುಗೆ ಹಾಕಿ ಮಾಡಿದ್ದರಿಂದ ತೂಕ ಕಡಿಮೆಯಾಯಿತು. ಬೆಂಕಿಯ ನಡುವೆಯೇ ನೀರು ಹಾಯುವಂತೆ ಒಲೆಯೊಳಗೆ ಎರಡು ಸೈಫನ್‌ಗಳನ್ನು ಕೂರಿಸಿದ್ದರು. ಫೈರ್‌ಮನ್ ಕಾಲಲ್ಲಿ ಪೆಡಲ್ ಒತ್ತಿದರೆ ಸಾಕು, ಉಗಿಯ ಬಲದಿಂದ ಒಲೆಯ ಬಾಗಿಲು ತೆರೆಯುತ್ತಿತ್ತು. ರಾತ್ರಿ ಪಾಳಿಯವರಿಗೆ ಎಲೆಕ್ಟ್ರಿಕ್ ದೀಪ ಬೇರೆ. ಕೆಲಸ ಮಾಡುವವರ ಮೇಲೆ ಕಾಳಜಿ ಅಂದರೆ ಇದು, ಅಲ್ವಾ?

ಆದರೆ ಎಣ್ಣೆ ಬಿಡುವ ಕೆಲಸ ತಪ್ಪಿಸಲು ಹೋಗಿ ಬುಲೀಡ್ ಬಹಳ ದೊಡ್ಡ ಸಾಹಸಕ್ಕೆ ಕೈಹಾಕಿದರು. ಎಂಜಿನ್ನಿಗೆ ಮೂರು ಸಿಲಿಂಡರ್. ಅವುಗಳಿಗೆ ಉಗಿ ಬಿಡುವ ವಾಲ್ವ್‌ಗಳನ್ನು ನಡೆಸುವ ಸನ್ನೆಗಳನ್ನೆಲ್ಲ ಎರಡು ಚೌಕಟ್ಟುಗಳ ಮಧ್ಯೆ ಒಂದು ಎಣ್ಣೆ ತೊಟ್ಟಿಯೊಳಗೆ ಮುಚ್ಚಿಬಿಟ್ಟರು. ಚೈನುಗಳ ಮೂಲಕ ಅವನ್ನು ಓಡಿಸಿದರು. ಎಲ್ಲವೂ ಸದಾ ಎಣ್ಣೆಯಲ್ಲೇ ನೆನೆಯುತ್ತವೆ, ಯಾರೂ ಕೈಹಾಕಬೇಕಾಗಿಲ್ಲ ಅನ್ನುವುದು ಲೆಕ್ಕ.

ಲೆಕ್ಕ ಹಳಿಯ ಮೇಲೆ ಕೂಡಿಬರಲಿಲ್ಲ. ಹಳೇ ಸೈಕಲ್ ಚೈನಿನ ಹಾಗೆ ಈ ಚೈನುಗಳೂ ಸಡಿಲವಾದವು. ಆಗ ಯಾವ ಕ್ಷಣಕ್ಕೆ ಎಷ್ಟು ಉಗಿ ಒಳಗೆ ಹೋಗಬೇಕು ಅನ್ನುವುದೇ ಏರುಪೇರು. ತೊಟ್ಟಿಯಿಂದ ಎಣ್ಣೆ ಸೋರಿ ಹಳಿಯ ಮೇಲೆ ಬೀಳುತ್ತಿತ್ತು, ಚಕ್ರ ನಿಂತಲ್ಲೇ ಗಿರಗಿರನೆ ತಿರುಗುತ್ತಿತ್ತು. ಬಾಯ್ಲರಿನ ಹೊದಿಕೆಗೆ ಎಣ್ಣೆ ಇಳಿದು ಬೆಂಕಿ ಹತ್ತಿದ್ದೂ ಉಂಟು. ಎಂಜಿನ್ನಿಗೆ ತೊಡಿಸಿದ್ದ ಚಪ್ಪಟೆ ತಗಡಿನ ಹೊರಕವಚದಿಂದ ಹೊಗೆ ಮೇಲೇಳದೆ ಡ್ರೈವರನ ಕಣ್ಣಿಗೆ ಅಡ್ಡ ಬರುತ್ತಿತ್ತು.

1953ರ ಏಪ್ರಿಲ್ 24ರಂದು ಇಂಗ್ಲೆಂಡಿನ ಕ್ರೂಕರ್ನ್ ಹತ್ತಿರ ಬಿಬ್ಬಿ ಲೈನ್ ಎಂಬ ಎಂಜಿನ್ನಿನ ಚಕ್ರದ ಅಚ್ಚು ವೇಗದಲ್ಲಿರುವಾಗಲೇ ಮುರಿಯಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಈ ಬಗೆಯ ಎಂಜಿನ್‌ಗಳನ್ನೆಲ್ಲ ನಿಲ್ಲಿಸಿ ಪರೀಕ್ಷೆ ಮಾಡಿದರು.

ಎಂಜಿನ್‌ಗಳನ್ನು ಬದಲಾಯಿಸುವ ಹೊಣೆ ಎಂಜಿನಿಯರ್ ರಾನ್ ಜಾರ್ವಿಸ್ ಅವರಿಗೆ ಬಂತು. ಅವರು ಮಾಡಿದ್ದು ನನಗೆ ಬಹಳ ಇಷ್ಟ. ಚೈನು, ತೊಟ್ಟಿ, ಹೊರಕವಚ ತೆಗೆದರು. ವಾಲ್ವ್ ನಡೆಸಲು ರೈಲಿನವರೆಲ್ಲರಿಗೂ ಪರಿಚಯವಿದ್ದ ವಾಲ್‌ಶಾರ್ಟ್ ವಾಲ್ವ್ ಗೇರ್ ಅನ್ನುವ ಸನ್ನೆಗಳ ಏರ್ಪಾಟು ಹಾಕಿದರು. ಬುಲೀಡ್ ಅವರ ಬಾಯ್ಲರನ್ನು ಹಾಗೇ ಉಳಿಸಿಕೊಂಡರು. ಒತ್ತಡವನ್ನಷ್ಟೇ 250 ಪೌಂಡಿಗೆ ಇಳಿಸಲಾಗಿತ್ತು. 1956ರಲ್ಲಿ ಮೊದಲು ಹೊಸ ರೂಪ ಪಡೆದದ್ದು ಬ್ರಿಟಿಷ್ ಇಂಡಿಯಾ ಲೈನ್. ಕಲ್ಕತ್ತೆಯಲ್ಲಿ ಬೇರು ಬಿಟ್ಟು, ನಮ್ಮ ಜನರನ್ನು ಬರ್ಮಾಕ್ಕೂ ಆಫ್ರಿಕಾಕ್ಕೂ ಹೊತ್ತೊಯ್ದ ಹಡಗು ಕಂಪನಿಯ ಹೆಸರದು. 1959ರೊಳಗೆ ಉಳಿದ 29 ಎಂಜಿನ್‌ಗಳೂ ಬದಲಾದವು.

ಆಮೇಲೆ ಅವು ಓಡಿದ್ದೇ ಓಡಿದ್ದು. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಹೊರಡುತ್ತಿದ್ದ ಅಟ್ಲಾಂಟಿಕ್ ಕೋಸ್ಟ್ ಎಕ್ಸ್‌ಪ್ರೆಸ್ಸನ್ನೂ ಬೋರ್ನ್‌ಮತ್ ಬೆಲ್ ರೈಲನ್ನೂ ಎಳೆದವು. ಸದರ್ನ್ ಹಳಿಗಳಲ್ಲಿ ಉಗಿಯ ಕಾಲ ಮುಗಿದದ್ದು 1967ರ ಜುಲೈಯಲ್ಲಿ. ಆ ಕೊನೆಯ ವಾರಗಳಲ್ಲೂ ಇವು ಗಂಟೆಗೆ 100 ಮೈಲಿ ದಾಟಿ ಓಡಿವೆ.

ಮೂವತ್ತರಲ್ಲಿ 11 ಉಳಿದಿವೆ. ಹೆಚ್ಚಿನವು ವೇಲ್ಸಿನ ಬ್ಯಾರಿ ಗುಜರಿಯಿಂದ ಎದ್ದು ಬಂದಂಥವು. ಎಲ್ಲರ್‌ಮನ್ ಲೈನ್ಸ್ ಎಂಬುದನ್ನು ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂಗಾಗಿ ಒಳಭಾಗ ಕಾಣುವಂತೆ ಒಂದು ಪಕ್ಕದಲ್ಲಿ ಸೀಳಿದ್ದಾರೆ. ಆ ಕಡೆ ಹೋಗುವ ಅವಕಾಶ ಸಿಕ್ಕರೆ ಸ್ವಲ್ಪ ಹೊತ್ತು ಅದರ ಮುಂದೆ ನಿಲ್ಲಿ. ಒಲೆ, ಸೈಫನ್, ಸಿಲಿಂಡರ್ ಎಲ್ಲದರ ಒಳಭಾಗವನ್ನೂ ನೋಡಬಹುದು. ನಮಸ್ಕಾರ.