ಹೊಲ ಸೈಟಾಗುವ ಮೊದಲು ನಕ್ಷೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಹೊಸಕೋಟೆ ಕಡೆ ಹೋಗಿ, ಮೈಸೂರಿನ ರಿಂಗ್ ರಸ್ತೆ ದಾಟಿ ಹೋಗಿ, ತುಮಕೂರಿನ ಅಂಚಿಗೆ ಹೋಗಿ. ರಾಗಿ ಹೊಲದ ಪಕ್ಕದಲ್ಲೇ ಬಣ್ಣ ಬಳಿದ ಕಮಾನು ಎದ್ದಿರುತ್ತದೆ. ಒಳಗೆ ಮಣ್ಣಿನ ರಸ್ತೆ, ಸಾಲಾಗಿ ನೆಟ್ಟ ಕಲ್ಲುಗಳು. ಹೊರಗೆ ಬೋರ್ಡಿನಲ್ಲಿ ‘ಡಿಸಿ ಕನ್ವರ್ಟೆಡ್’ ಎಂದು ದೊಡ್ಡ ಅಕ್ಷರ. ಹೋದ ವರ್ಷ ಹೊಲ ಇತ್ತು, ಈ ವರ್ಷ ಸೈಟ್ ಆಯ್ತು ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಆದರೆ ಆ ಹೊಲ ಹೊಲವಾಗಿ ಉಳಿಯಬೇಕೋ, ಮನೆಗಳಾಗಬೇಕೋ, ಕಾರ್ಖಾನೆ ಬರಬೇಕೋ ಎಂಬುದು ಎಷ್ಟೋ ವರ್ಷ ಮೊದಲು ಒಂದು ನಕ್ಷೆಯಲ್ಲಿ ಬರೆದಾಗಿರುತ್ತದೆ. ಆ ನಕ್ಷೆ ತಯಾರಾಗುವಾಗ ಮಾತಾಡುವ ಹಕ್ಕನ್ನು ಕಾನೂನು ಊರಿನವರಿಗೆ ಕೊಟ್ಟಿದೆ. ಆ ಹಕ್ಕನ್ನು ಬಳಸುವವರು ತೀರಾ ಕಡಿಮೆ. ಇವತ್ತು ನಾನು ಮಾತಾಡಲು ಬಂದಿರುವುದು ಇದೇ ವಿಷಯಕ್ಕೆ.

ಆ ನಕ್ಷೆಯ ಹೆಸರು ಮಹಾಯೋಜನೆ. ಮಾಸ್ಟರ್ ಪ್ಲಾನ್ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದಕ್ಕೆ ಆಧಾರ. ಒಂದು ಪಟ್ಟಣ ಮತ್ತು ಅದರ ಸುತ್ತಲಿನ ಹಳ್ಳಿಗಳನ್ನು ಸೇರಿಸಿ ಒಂದು ಯೋಜನಾ ಪ್ರದೇಶ ಎಂದು ಸರ್ಕಾರ ಘೋಷಿಸುತ್ತದೆ. ಅದಕ್ಕೊಂದು ಪ್ರಾಧಿಕಾರ ಇರುತ್ತದೆ. ಅದು ಬರೆಸುವ ನಕ್ಷೆಯಲ್ಲಿ ಹಳದಿ ಎಂದರೆ ವಾಸದ ವಲಯ, ನೀಲಿ ಎಂದರೆ ವಾಣಿಜ್ಯ, ನೇರಳೆ ಎಂದರೆ ಕೈಗಾರಿಕೆ, ಕೆಂಪು ಎಂದರೆ ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಉಪಯೋಗ. ಗಾಢ ಹಸಿರು ಪಾರ್ಕು, ತಿಳಿ ಹಸಿರು ಕೃಷಿ. ನಿಮ್ಮ ಪಹಣಿಯಲ್ಲಿ ರಾಗಿ, ಹುರುಳಿ ಎಂದು ಇರಬಹುದು. ನಕ್ಷೆಯಲ್ಲಿ ಅದೇ ಸರ್ವೆ ನಂಬರಿನ ಮೇಲೆ ಹಳದಿ ಬಿದ್ದಿರಬಹುದು. ಅಥವಾ ಹೊಲದ ನಟ್ಟನಡುವೆ 80 ಅಡಿ ರಸ್ತೆಯ ಗೆರೆ ಹೋಗಿರಬಹುದು. ಮಗಳ ಮದುವೆಗೆಂದು ಜಮೀನು ಮಾರಲು ಹೋದಾಗಲೇ ಎಷ್ಟೋ ಮನೆಗಳಿಗೆ ಇದು ಗೊತ್ತಾಗುವುದು.

ಕರಡು ಯೋಜನೆ ಪ್ರಕಟವಾದ ಮೇಲೆ ಸಾರ್ವಜನಿಕರು ಬರಹದಲ್ಲಿ ಅಭಿಪ್ರಾಯ, ಆಕ್ಷೇಪಣೆ ಕೊಡಲು 60 ದಿನ ಸಮಯ ಇರುತ್ತದೆ. ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ನಡೆಯುವುದು ಬೇರೆ. ಬೆಂಗಳೂರನ್ನೇ ನೋಡಿ. 2015ರವರೆಗಿನ ಪರಿಷ್ಕೃತ ಮಹಾಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಮುಂದಿನ ಯೋಜನೆ, ಅಂದರೆ 2031ರ ಕರಡು, 2017ರ ನವೆಂಬರಿನಲ್ಲಿ ಬಂತು. ಆಕ್ಷೇಪಣೆಗಳು ರಾಶಿ ಬಿದ್ದವು. ಕೊನೆಗೆ ಆ ಕರಡು ವಾಪಸ್ ಹೋಯಿತು. 2015 ಕಳೆದು ವರ್ಷಗಳಾದರೂ ಊರು ಹಳೆಯ ನಕ್ಷೆಯಲ್ಲೇ ಬೆಳೆಯುತ್ತಾ ಹೋಯಿತು. ಊರು ಬೆಳೆದಷ್ಟು ಬೇಗ ನಕ್ಷೆ ಬೆಳೆಯದಿದ್ದಾಗ ಅಂಚಿನ ಹಳ್ಳಿಗಳಲ್ಲಿ ನಿಯಮದ ಹೊರಗಿನ ಕಟ್ಟಡಗಳೇ ಜಾಸ್ತಿಯಾಗುತ್ತವೆ.

ಈಗ ಆ ‘ಡಿಸಿ ಕನ್ವರ್ಟೆಡ್’ ಬೋರ್ಡಿಗೆ ಬರೋಣ. ಇಲ್ಲಿ ಮೂರು ಬೇರೆ ಬೇರೆ ಸಂಗತಿ ಇವೆ. ಜನ ಮೂರನ್ನೂ ಒಂದೇ ಎಂದುಕೊಂಡು ದುಡ್ಡು ಕಳೆದುಕೊಳ್ಳುತ್ತಾರೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ವಲಯ. ನಕ್ಷೆಯಲ್ಲಿ ಆ ಜಾಗಕ್ಕೆ ಯಾವ ಬಣ್ಣ ಇದೆ ಎಂಬುದು. ಆಮೇಲೆ ಭೂ ಪರಿವರ್ತನೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ತರಲು ಜಿಲ್ಲಾಧಿಕಾರಿಗಳು ಕೊಡುವ ಅನುಮತಿ ಇದು. ಜನ ಕನ್ವರ್ಷನ್ ಎನ್ನುವುದು ಇದಕ್ಕೆ. ಈಗ ಆನ್‌ಲೈನ್‌ನಲ್ಲಿ ಅಫಿಡವಿಟ್ ಕೊಟ್ಟು ಅರ್ಜಿ ಹಾಕಬಹುದು, ಕೆಲಸ ಮೊದಲಿಗಿಂತ ಹಗುರವಾಗಿದೆ. ಮೂರನೆಯದು ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ. ರಸ್ತೆ ಎಷ್ಟು ಅಗಲ, ಪಾರ್ಕ್ ಎಲ್ಲಿ, ನೀರಿನ ಟ್ಯಾಂಕ್ ಎಲ್ಲಿ, ಚರಂಡಿ ಎತ್ತ ಹರಿಯುತ್ತದೆ ಎಂಬುದೆಲ್ಲ ನಿಗದಿಯಾಗುವುದು ಇಲ್ಲಿ. ಬೋರ್ಡಿನಲ್ಲಿ ಕನ್ವರ್ಷನ್ ಎಂದು ಮಾತ್ರ ಇದ್ದರೆ ಈ ಮೂರನೆಯ ಕೆಲಸ ಆಗಿದೆಯೋ ಇಲ್ಲವೋ ಎಂದು ನೀವೇ ಕೇಳಿ ತಿಳಿದುಕೊಳ್ಳಬೇಕು. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅಂದರೆ ರೇರಾದ ನೋಂದಣಿಯೂ ಬೇಕು. ಆ ನಂಬರ್ ಹಾಕಿ ಮಂಜೂರಾದ ನಕ್ಷೆಯನ್ನು ರೇರಾ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು.

ಹಾಗಾದರೆ ಇಷ್ಟೊಂದು ಜನ ಮಂಜೂರಾತಿ ಇಲ್ಲದೆ ಯಾಕೆ ಸೈಟ್ ಮಾಡುತ್ತಾರೆ? ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒಂದು ಎಕರೆ ಎಂದರೆ 40 ಗುಂಟೆ, ಅಂದರೆ 43,560 ಚದರ ಅಡಿ. ಮೂವತ್ತು ನಲವತ್ತರ ಸೈಟ್ ಒಂದಕ್ಕೆ 1,200 ಚದರ ಅಡಿ. ನಿಯಮದ ಪ್ರಕಾರ ರಸ್ತೆ, ಪಾರ್ಕ್, ಸಿಎ ಅಂದರೆ ನಾಗರಿಕ ಸೌಲಭ್ಯದ ಜಾಗ ಎಲ್ಲ ಬಿಟ್ಟರೆ ಮಾರಲು ಸಿಗುವುದು ಅರ್ಧಕ್ಕಿಂತ ತುಸು ಜಾಸ್ತಿ. ನೂರಕ್ಕೆ 55 ಎಂದು ಹಿಡಿದರೆ ಎಕರೆಗೆ ಸುಮಾರು 20 ಸೈಟ್. ಪಾರ್ಕ್ ಬಿಡದೆ, ರಸ್ತೆಯನ್ನು ಕಿರಿದು ಮಾಡಿ, ನೂರಕ್ಕೆ 75ರಷ್ಟು ಮಾರಿದರೆ 27 ಸೈಟ್. ಎಕರೆಗೆ ಏಳು ಸೈಟಿನ ವ್ಯತ್ಯಾಸ. ಆ ಏಳು ಸೈಟಿನ ಜಾಗದಲ್ಲಿ ಮಕ್ಕಳು ಆಡುವ ಮೈದಾನ ಇರಬೇಕಿತ್ತು. ಅಂಗನವಾಡಿ ಇರಬೇಕಿತ್ತು. ಬೆಂಕಿ ಬಿದ್ದಾಗ ಗಾಡಿ ಒಳಗೆ ಬರುವಷ್ಟು ರಸ್ತೆ ಇರಬೇಕಿತ್ತು. ಅದನ್ನೇ ಮಾರಿರುತ್ತಾರೆ.

ಹೀಗೆ ಹುಟ್ಟಿದ್ದಕ್ಕೆ ಜನ ರೆವಿನ್ಯೂ ಸೈಟ್ ಎನ್ನುತ್ತಾರೆ. ಅಲ್ಲಿ ಸೈಟ್ ಕೊಂಡವರನ್ನು ಬೈಯಲು ನನಗೆ ಮನಸ್ಸಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು, ಆಟೋ ಓಡಿಸುವವರು, ಚೀಟಿ ಕಟ್ಟಿ, ಒಡವೆ ಅಡ ಇಟ್ಟು ಕೊಂಡಿರುತ್ತಾರೆ. ಮಂಜೂರಾದ ಬಡಾವಣೆಯ ಬೆಲೆ ಅವರ ಕೈಗೆ ಎಟುಕುವುದಿಲ್ಲ. ಅವರಿಗೆ ಎಟುಕುವ ಬೆಲೆಯಲ್ಲಿ ಸರಿಯಾದ ಸೈಟ್ ಸಿಗದಿರುವುದು ಯೋಜನೆಯ ಸೋಲು. ಅಕ್ರಮವನ್ನು ದಂಡ ಹಾಕಿ ಸಕ್ರಮ ಮಾಡುತ್ತೇವೆ ಎಂದು ಸರ್ಕಾರ ಹೊರಟಾಗ ಅದಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸಕ್ರಮ ಮಾಡಿದರೂ ಕಾಗದ ಸರಿಹೋಗಬಹುದು, ಬಿಡದೇ ಹೋದ ಮೈದಾನ ಎಲ್ಲಿಂದ ಬರಬೇಕು?

ನೀರಿನ ಕಥೆ ಇನ್ನೂ ಕಷ್ಟದ್ದು. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯನ್ನು ದೊಡ್ಡದು ಮಾಡಿದಾಗ ಸುತ್ತಲಿನ 110 ಹಳ್ಳಿಗಳನ್ನು ಸೇರಿಸಿಕೊಂಡರು. ಆ ಹಳ್ಳಿಗಳಿಗೆ ನೀರು ಕೊಡಲೆಂದೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್ ತರುವ ದೊಡ್ಡ ಕೆಲಸ ಅದು, ಮಾಡಿದವರ ಶ್ರಮ ಸಣ್ಣದಲ್ಲ. ಆದರೂ ನಡುವೆ 17 ವರ್ಷ ಹೋದವು. ಅಷ್ಟು ವರ್ಷ ಆ ಮನೆಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಮೇಲೆ ಬದುಕಿದವು. ತೆರಿಗೆ ನಗರದ್ದು, ನೀರು ಹಳ್ಳಿಯದ್ದು. ಹಾಗಾಗಿ ನಕ್ಷೆಯಲ್ಲಿ ಹಳದಿ ಬಳಿಯುವಾಗಲೇ ನೀರು ಎಲ್ಲಿಂದ, ಯಾವ ವರ್ಷ ಬರುತ್ತದೆ ಎಂದು ಕೇಳಬೇಕು ಎನ್ನುತ್ತೇನೆ. 60 ದಿನದೊಳಗೆ ಕೊಡುವ ಆಕ್ಷೇಪಣೆಯಲ್ಲಿ ಇದನ್ನು ಧಾರಾಳವಾಗಿ ಬರೆಯಬಹುದು.

ಪಾರ್ಕಿನ ವಿಷಯ ಬಂದಾಗಲೆಲ್ಲ ನನಗೆ ಒಂದು ಮೊಕದ್ದಮೆ ನೆನಪಾಗುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆ, ಅಂದರೆ ಸದಾಶಿವನಗರದ ಕಡೆ. ಬಡಾವಣೆಯ ಯೋಜನೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟರು. ಮುಖ್ಯಮಂತ್ರಿಗಳ ಸೂಚನೆಯ ಮೇಲೆ ಆದ ಕೆಲಸ. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲು ಸೋತರು. ಬಿಡಲಿಲ್ಲ, ಮೇಲ್ಮನವಿ ಹಾಕಿದರು, ಗೆದ್ದರು. ಅದು ಸುಪ್ರೀಂ ಕೋರ್ಟ್ ತನಕ ಹೋಯಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಎಂಬ ಹೆಸರಿನ ಆ ಮೊಕದ್ದಮೆಯಲ್ಲಿ 1991ರಲ್ಲಿ ತೀರ್ಪು ಬಂತು. ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸ ಮಾಡುವವರಿಗೆ ಇದೆ ಎಂದು ನ್ಯಾಯಾಲಯ ಹೇಳಿತು. ಆಸ್ಪತ್ರೆಯೂ ಒಳ್ಳೆಯದೇ ತಾನೇ ಎಂಬ ವಾದಕ್ಕೆ ಅಲ್ಲಿ ಜಾಗ ಸಿಗಲಿಲ್ಲ. ಇವತ್ತಿಗೂ ದೇಶದಾದ್ಯಂತ ಪಾರ್ಕ್ ಉಳಿಸಲು ಹೋರಾಡುವವರು ಈ ತೀರ್ಪನ್ನು ಕೈಯಲ್ಲಿ ಹಿಡಿದೇ ಹೋಗುತ್ತಾರೆ. ನಾಲ್ಕು ಬೀದಿಯ ಜನ ಒಟ್ಟಿಗೆ ನಿಂತು ದೇಶಕ್ಕೇ ಒಂದು ನಿಯಮ ತಂದುಕೊಟ್ಟರು. ಇದನ್ನು ಹೇಳುವಾಗ ನನಗೆ ನಿಜವಾಗಿಯೂ ಹೆಮ್ಮೆ ಆಗುತ್ತದೆ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ತಾನೇ ಮಾಡುವ ಬಡಾವಣೆಗಳಲ್ಲಿ ನೂರಕ್ಕೆ 15 ಭಾಗ ಪಾರ್ಕ್ ಮತ್ತು ಆಟದ ಮೈದಾನಕ್ಕೆ, ಇನ್ನೂ 10 ಭಾಗ ನಾಗರಿಕ ಸೌಲಭ್ಯಕ್ಕೆ ಬಿಡಬೇಕು ಎಂದು 1976ರ ಬಿಡಿಎ ಕಾಯ್ದೆಯಲ್ಲೇ ಇದೆ. ಖಾಸಗಿ ಬಡಾವಣೆಗಳಿಗೆ ಆಯಾ ಯೋಜನೆಯ ವಲಯ ನಿಯಮದ ಪ್ರಕಾರ ಬೇರೆ ಲೆಕ್ಕ. ಅಲ್ಲೂ ರಸ್ತೆ ಮತ್ತು ಪಾರ್ಕನ್ನು ಬರಹದ ಮೂಲಕ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ಮೇಲೆ ಅದು ಎಲ್ಲರದ್ದು. ಗೇಟ್ ಹಾಕಿ, ಸೆಕ್ಯುರಿಟಿ ನಿಲ್ಲಿಸಿ, ಊರಿನವರನ್ನು ತಡೆಯುವಂತಿಲ್ಲ. ಕರ್ನಾಟಕ ಹೈಕೋರ್ಟ್ ಕೂಡ ಇದನ್ನು ಹೇಳಿದೆ.

ಹೀಗೆ ದಾರಿ ಮುಚ್ಚುವುದು ಹಳ್ಳಿಯವರಿಗೆ ದಿನನಿತ್ಯದ ಸಂಕಟ. ತಾತನ ಕಾಲದಿಂದ ದನ ಹೊಡೆದುಕೊಂಡು ಹೋಗುತ್ತಿದ್ದ ಬಂಡಿದಾರಿ ಒಂದು ದಿನ ಕಾಂಪೌಂಡ್ ಒಳಗೆ ಸೇರಿಹೋಗಿರುತ್ತದೆ. ಸ್ಮಶಾನಕ್ಕೆ ಹೋಗುವ ದಾರಿಗೂ ಬೇಲಿ. ಇಂಥ ದಾರಿ, ಹಳ್ಳ, ಕಾಲುವೆಗಳಲ್ಲಿ ಎಷ್ಟೋ ಜಾಗ ದಾಖಲೆಯಲ್ಲಿ ‘ಬಿ ಖರಾಬು’ ಎಂದು ಇರುತ್ತದೆ. ಬಿ ಖರಾಬು ಸಾರ್ವಜನಿಕರದ್ದು. ಸರ್ವೆ ನಂಬರಿನ ಮಾಲೀಕ ಅದನ್ನು ಮಾರಲು ಬರುವುದಿಲ್ಲ, ಕೊಂಡವನಿಗೂ ಅದು ಸೇರುವುದಿಲ್ಲ. ಹಾಗಾಗಿ ಹಳೆಯ ಗ್ರಾಮ ನಕಾಶೆಯ ಒಂದು ಪ್ರತಿ ಪ್ರತಿ ಊರಿನಲ್ಲೂ ಇರಬೇಕು. ಹೊಸ ಬಡಾವಣೆಯ ನಕ್ಷೆಯನ್ನು ಅದರ ಪಕ್ಕ ಇಟ್ಟು ನೋಡಿದರೆ ಯಾವ ದಾರಿ ಮಾಯವಾಗಿದೆ, ಯಾವ ಕಾಲುವೆ ಬಾಗಿದೆ ಎಂದು ಹತ್ತನೇ ತರಗತಿ ಓದಿದ ಹುಡುಗಿಯೂ ತೋರಿಸಬಲ್ಲಳು. ಬೆಂಗಳೂರಿನ 2015ರ ಯೋಜನೆಯಲ್ಲಿ ಕೆರೆಗೆ 30 ಮೀಟರ್, ದೊಡ್ಡ ರಾಜಕಾಲುವೆಗೆ 50 ಮೀಟರ್, ಅದಕ್ಕಿಂತ ಸಣ್ಣವಕ್ಕೆ 25 ಮತ್ತು 15 ಮೀಟರ್ ಅಂತರ ಬಿಡಬೇಕು ಎಂದು ಇದೆ. ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗಿದ ಬಡಾವಣೆಗಳಿಗೆ ಹೋಗಿ ಈ ಅಂತರ ಎಲ್ಲಿದೆ ಎಂದು ಹುಡುಕಿ ನೋಡಿ.

ಇನ್ನು ತಿಳಿ ಹಸಿರಿನ ಮಾತು. ನನಗೆ ಎಲ್ಲಕ್ಕಿಂತ ಕಷ್ಟ ಅನಿಸುವುದು ಇದೇ. ಕೃಷಿ ವಲಯದಲ್ಲಿ ಬೇಸಾಯ, ತೋಟ, ಹೈನುಗಾರಿಕೆಗೆ ಅವಕಾಶ ಇದೆ. ಬಡಾವಣೆಗೆ ಇಲ್ಲ. ನಗರಕ್ಕೆ ಇದು ಬೇಕು. ಮಳೆ ನೀರು ಇಂಗಲು, ತರಕಾರಿ ಹತ್ತಿರದಲ್ಲಿ ಸಿಗಲು, ಕೆರೆ ಉಳಿಯಲು ಬೇಕು. ಆದರೆ ಬೆಲೆ ತೆರುವವನು ಯಾರು? ಒಂದೇ ಬದುವಿನ ಆ ಕಡೆ ಹಳದಿ, ಈ ಕಡೆ ಹಸಿರು. ಅಣ್ಣನ ಜಮೀನು ಕೋಟಿಗೆ ಹೋಗುತ್ತದೆ. ತಮ್ಮನ ಜಮೀನು ಕೇಳುವವರಿಲ್ಲ. ತಮ್ಮ ಏನು ತಪ್ಪು ಮಾಡಿದ? ಹಸಿರು ಉಳಿಯಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅದರ ಜೊತೆಗೇ, ಆ ರೈತನಿಗೆ ನೀರು, ಕರೆಂಟು, ಮಾರುಕಟ್ಟೆ, ಸಾಲ ಎಲ್ಲವೂ ಬೇರೆಯವರಿಗಿಂತ ಮೊದಲು ಸಿಗಬೇಕು. ಬರೀ ಬಣ್ಣ ಬಳಿದು ಕೈತೊಳೆದುಕೊಂಡರೆ ಹಸಿರು ವಲಯದಲ್ಲಿ ರಾತ್ರೋರಾತ್ರಿ ಕಲ್ಲು ನೆಡುವವರು ಬಂದೇ ಬರುತ್ತಾರೆ. ಭೂ ಸುಧಾರಣೆ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ಕೃಷಿ ಜಮೀನನ್ನು ರೈತರಲ್ಲದವರೂ ಕೊಳ್ಳಬಹುದು. ರೈತನ ಮೇಲಿನ ಒತ್ತಡ ಮೊದಲಿಗಿಂತ ಹೆಚ್ಚಿದೆ.

ಭೂಮಿ ಬಿಡುವುದಿಲ್ಲ ಎಂದವರೂ ಇದ್ದಾರೆ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ವಿಮಾನ ನಿಲ್ದಾಣದ ಪಕ್ಕದ ಭೂಮಿ ಅದು. ದ್ರಾಕ್ಷಿ, ತರಕಾರಿ, ಹೂವು, ರೇಷ್ಮೆ ಬೆಳೆದು ಬದುಕುವ ಊರುಗಳು. ನಗರ ಪಕ್ಕಕ್ಕೆ ಬಂದರೆ ಬೇಸಾಯ ಮುಗಿಯಿತು ಎನ್ನುವವರು ಅಲ್ಲಿಗೆ ಹೋಗಿ ನೋಡಬೇಕು.

ಕೊನೆಗೆ ಕೆಲಸಕ್ಕೆ ಬರುವ ಎರಡು ಮಾತು. ಒಮ್ಮೆ ಮಹಾಯೋಜನೆ ಆದ ಮೇಲೂ ಒಬ್ಬರ ಜಮೀನಿನ ವಲಯ ಬದಲಿಸಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂನಲ್ಲಿ ದಾರಿ ಇದೆ. ಅಂಥ ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಪತ್ರಿಕೆಯಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಪತ್ರಿಕೆಯ ಒಳಪುಟದ ಸಣ್ಣಕ್ಷರದ ಪ್ರಕಟಣೆಗಳನ್ನು ಓದುವ ಒಬ್ಬರು ಪ್ರತಿ ಊರಿನಲ್ಲೂ ಇದ್ದರೆ ಸಾಕು. ಗ್ರಂಥಾಲಯಕ್ಕೆ ಹೋಗುವ ನಿವೃತ್ತ ಮೇಷ್ಟ್ರು ಇರುತ್ತಾರಲ್ವಾ, ಅವರಿಗೆ ಹೇಳಿಡಿ. ಇನ್ನೊಂದು, ನಿಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿದೆ ಎಂದು ಯೋಜನಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರೆ ಬರಹದಲ್ಲೇ ತಿಳಿಸುತ್ತಾರೆ. ಮಾರುವ ಯೋಚನೆ ಇಲ್ಲದಿದ್ದರೂ ಕೇಳಿ ಇಟ್ಟುಕೊಳ್ಳಿ. ಕರಡು ನಕ್ಷೆ ಬಂದಾಗ ಅದರಲ್ಲಿ ನಿಮ್ಮ ಊರಿನ ಭಾಗವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಪಂಚಾಯಿತಿ ಗೋಡೆಗೆ ಅಂಟಿಸಿ. ಗ್ರಾಮಸಭೆಯಲ್ಲಿ ಓದಿ ಹೇಳಿಸಿ. ಹೆಂಗಸರನ್ನು ಮುಂದೆ ಕೂರಿಸಿ ಕೇಳಿ. ನೀರು, ಶಾಲೆ, ಅಂಗನವಾಡಿ ಎಲ್ಲಿರಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆಮೇಲೆ ಆಕ್ಷೇಪಣೆ ಬರೆದು, ಸರ್ವೆ ನಂಬರ್ ನಮೂದಿಸಿ, ಎಲ್ಲರೂ ಸಹಿ ಹಾಕಿ, 60 ದಿನ ಮುಗಿಯುವ ಮೊದಲೇ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಆ ಸ್ವೀಕೃತಿಯನ್ನು ಜೋಪಾನವಾಗಿಡಿ. ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ ಅದು ಬೇಕಾಗುತ್ತದೆ.

ನಮಸ್ಕಾರ.