ವೀಣೆ ಬೇಕೆಂದು ನಾನು ಹೇಳಬಾರದಿತ್ತು

ಇದು ನಮ್ಮ 18 ನಿಮಿಷದ ಕಿರುಚಿತ್ರದ ಹಿನ್ನೆಲೆ ಸಂಗೀತ ಸಿದ್ಧವಾಗುತ್ತಿರುವ ಸ್ಟುಡಿಯೋ. ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿರುವವರು ನಮ್ಮ ಸಂಗೀತ ನಿರ್ದೇಶಕರು. ಮೈಕ್ ಜೋಡಿಸುವುದನ್ನು ನೀವೇ ನೋಡುತ್ತಿದ್ದೀರಿ. ಅದು ಮುಗಿಯುವಷ್ಟರಲ್ಲಿ, ಇವರೊಂದಿಗೆ ಹೇಗೆ ಮಾತನಾಡಬೇಕೆಂದು ತಿಳಿಯದೆ ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಮಾನಿಟರಿನಲ್ಲಿ ನಿಂತಿರುವ ದೃಶ್ಯವನ್ನು ಗಮನಿಸಿ. ಮಗಳು ಹಾಸ್ಟೆಲಿಗೆ ಹೊರಟುಹೋದ ರಾತ್ರಿ, ತಂದೆ ಅವಳ ಸೈಕಲ್ಲನ್ನು ಒರೆಸಿ ಚೈನಿಗೆ ಎಣ್ಣೆ ಬಿಡುತ್ತಾನೆ. 100 ಸೆಕೆಂಡುಗಳ ದೃಶ್ಯ, ಒಂದು ಮಾತೂ ಇಲ್ಲ. ಮೊದಲ ಭೇಟಿಯಲ್ಲಿ ಸಂಗೀತ ನಿರ್ದೇಶಕರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಈ ಅಪ್ಪನಿಗೆ ದುಃಖವಾಗಿದೆಯೋ, ಒಂದು ಜವಾಬ್ದಾರಿ ಮುಗಿಯಿತೆಂಬ ನಿರಾಳವಿದೆಯೋ?" ಅದಕ್ಕೆ ಉತ್ತರಿಸುವ ಬದಲು ನಾನು, "ಇಲ್ಲಿ ವೀಣೆ ಬೇಕು, ಶುಭಪಂತುವರಾಳಿ ರಾಗದಲ್ಲಿರಲಿ" ಎಂದುಬಿಟ್ಟೆ.

ಅವರು ಮರುಮಾತನಾಡದೆ ವೈಣಿಕರೊಬ್ಬರನ್ನು ಕರೆಸಿದರು. ಸಂಗೀತಕ್ಕೆಂದು ನಾವು ಎತ್ತಿಟ್ಟಿದ್ದ 40 ಸಾವಿರ ರೂಪಾಯಿಯಲ್ಲಿ 12 ಸಾವಿರ ಆ ಒಂದು ಮಧ್ಯಾಹ್ನಕ್ಕೆ ಖರ್ಚಾಯಿತು. ಆ ಕಲಾವಿದರು ನುಡಿಸಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ, ಅಷ್ಟು ಸೊಗಸಾಗಿತ್ತು. ಆದರೆ ಅದನ್ನು ದೃಶ್ಯದ ಕೆಳಗಿಟ್ಟು ನೋಡಿದಾಗ ಆ ಸಣ್ಣ ಮನೆಯ ಅಂಗಳ ದೇವಸ್ಥಾನದ ಪ್ರಾಕಾರದಂತಾಯಿತು, ಸೈಕಲ್ ಒರೆಸುವ ಮನುಷ್ಯ ಯಾವುದೋ ವ್ರತ ಹಿಡಿದವನಂತೆ ಕಂಡ. ನನಗೆ ನಿಜವಾಗಿ ಬೇಕಾಗಿದ್ದುದು ವೀಣೆಯಲ್ಲ. ಮೀಟಿದ ಮೇಲೆ ಮೆಲ್ಲಗೆ ಕ್ಷೀಣಿಸಿ, ಯಾವಾಗ ನಿಂತಿತೆಂದು ಗೊತ್ತಾಗದಂತೆ ಮೌನಕ್ಕೆ ಸೇರುವ ನಾದ. ಅದನ್ನು ಅದೇ ಮಾತಿನಲ್ಲಿ ಹೇಳಿದ್ದರೆ ಸಾಕಾಗಿತ್ತು. ಮರುವಾರ ಹಾಗೆ ಹೇಳಿದಾಗ, ಅವರು ಗಿಟಾರಿನ ದಪ್ಪ ತಂತಿಯೊಂದನ್ನು ಬರಿಬೆರಳಿನಿಂದ ಮೀಟಿ ಹತ್ತೇ ನಿಮಿಷದಲ್ಲಿ ಆ ನಾದವನ್ನು ಕೇಳಿಸಿದರು. ಹಣ ಹೋದುದಕ್ಕಿಂತ, ಒಬ್ಬ ಒಳ್ಳೆಯ ಕಲಾವಿದರ ಮಧ್ಯಾಹ್ನವನ್ನು ನಾನು ವ್ಯರ್ಥ ಮಾಡಿದೆನೆಂಬ ನೋವು ದೊಡ್ಡದು.

ಸಂಗೀತ ತಿಳಿದ ನಿರ್ದೇಶಕರಿಗೆ ಈ ತೊಡಕಿಲ್ಲ. 'ಚೋಮನ ದುಡಿ'ಗೆ ಬಿ. ವಿ. ಕಾರಂತರು ತಾವೇ ಸಂಗೀತ ನೀಡಿದರು. ರವಿಶಂಕರ್, ವಿಲಾಯತ್ ಖಾನ್, ಅಲಿ ಅಕ್ಬರ್ ಖಾನ್ ಅವರಂಥ ಘಟಾನುಘಟಿಗಳೊಂದಿಗೆ ಕೆಲಸ ಮಾಡಿದ ಸತ್ಯಜಿತ್ ರಾಯ್ ಕೂಡ 1961ರ 'ತೀನ್ ಕನ್ಯಾ'ದಿಂದ ಸ್ವತಃ ಸಂಯೋಜನೆಗೆ ತೊಡಗಿದರು. ಉಳಿದ ನಮಗೆ ಇರುವುದು ಮಾತೊಂದೇ, ಮತ್ತು ಆ ಮಾತು ವಾದ್ಯದ ಹೆಸರಾಗದೆ ಪಾತ್ರದ ಮನಸ್ಸಾಗಿರಬೇಕು.

ಟೆಂಪ್ ಟ್ರ್ಯಾಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿತ್ತು: ಬೇರೆ ಚಿತ್ರದ ಸಂಗೀತವನ್ನು ತಂದು ಎಡಿಟಿಂಗ್ ಸಮಯದಲ್ಲಿ ತುಂಬುವುದು ಸಂಗೀತ ನಿರ್ದೇಶಕರಿಗೆ ಮಾಡುವ ಅನ್ಯಾಯ. ಸ್ಟ್ಯಾನ್ಲಿ ಕ್ಯೂಬ್ರಿಕ್ 1968ರ '2001: ಎ ಸ್ಪೇಸ್ ಒಡಿಸ್ಸಿ'ಗೆ ಅಲೆಕ್ಸ್ ನಾರ್ತ್ ಅವರಿಂದ ಸಂಗೀತ ಬರೆಸಿ, ಕೊನೆಗೆ ಅದನ್ನು ಬಿಟ್ಟು, ತಾತ್ಕಾಲಿಕವಾಗಿ ಹಾಕಿಕೊಂಡಿದ್ದ ಶಾಸ್ತ್ರೀಯ ಕೃತಿಗಳನ್ನೇ ಉಳಿಸಿಕೊಂಡರು. ಚಿತ್ರಕ್ಕೆ ಅದು ಒಪ್ಪಿತು, ನಿಜ. ಆದರೂ ನಾರ್ತ್ ಅವರ ಜಾಗದಲ್ಲಿ ನಿಂತು ಯೋಚಿಸಿದರೆ ಸಂಕಟವಾಗುತ್ತದೆ. ಈಗ ನನ್ನ ನಿಲುವು ಸ್ವಲ್ಪ ಬದಲಾಗಿದೆ. ಲಯವಿಲ್ಲದೆ ದೃಶ್ಯ ಕತ್ತರಿಸುವುದು ನಮ್ಮ ಸಂಕಲನಕಾರರಿಗೆ ಕಷ್ಟವಾಗುತ್ತಿತ್ತು. ಆದ್ದರಿಂದ ಟೆಂಪ್ ಟ್ರ್ಯಾಕ್ ಇರಲಿ, ಆದರೆ ಸಂಗೀತ ನಿರ್ದೇಶಕರು ಮೊದಲ ಸಲ ಚಿತ್ರ ನೋಡುವಾಗ ಅದನ್ನು ಮ್ಯೂಟ್ ಮಾಡಿ ತೋರಿಸಬೇಕು. ಅವರೇ ಕೇಳಿದರೆ ಆಮೇಲೆ ಕೇಳಿಸಬಹುದು, ಅದರಲ್ಲಿ ನಮಗೆ ಹಿಡಿಸಿದ್ದು ವೇಗವೋ, ತುಂಬಿದ ವಾದ್ಯಗಳೋ, ನಡುವಿನ ಬಿಡುವೋ ಎಂಬುದನ್ನೂ ಆಗಲೇ ಹೇಳಬೇಕು.

ಮೈಕ್ ಸಿದ್ಧವಾಗುತ್ತಿದೆ, ಹಾಗಾಗಿ ಎಡಿಟ್ ಲಾಕ್, ಅಂದರೆ ಇನ್ನು ದೃಶ್ಯಗಳನ್ನು ಕತ್ತರಿಸುವುದಿಲ್ಲವೆಂದು ಸಂಕಲನವನ್ನು ಅಂತಿಮಗೊಳಿಸುವ ವಿಷಯವನ್ನು ಬೇಗ ಹೇಳುತ್ತೇನೆ. ಸಂಗೀತ ಬರೆದಾದ ಮೇಲೆ ನಾನು ಈ ದೃಶ್ಯದಿಂದ 2 ಸೆಕೆಂಡು, ಅಂದರೆ 48 ಫ್ರೇಮು ತೆಗೆಸಿದೆ, ಯಾರಿಗೂ ತಿಳಿಸಲಿಲ್ಲ. ನಿಮಿಷಕ್ಕೆ 60 ಬಡಿತದ ನಡೆಯಲ್ಲಿ 4 ಬಡಿತಗಳ ಆವರ್ತ ಮುಗಿಯಲು 4 ಸೆಕೆಂಡು ಬೇಕು. ನಾನು ಕತ್ತರಿಸಿದ್ದು ಆವರ್ತದ ಅರ್ಧವನ್ನು, ಹಾಗಾಗಿ ಅಲ್ಲಿಂದ ಮುಂದಿನ ಪ್ರತಿ ಸ್ವರವೂ ತಪ್ಪು ಜಾಗದಲ್ಲಿ ಬಿತ್ತು. 1982ರ 'ಇ.ಟಿ.' ಚಿತ್ರದ ಕೊನೆಯ ಭಾಗದಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡರು: ತೆರೆಯ ಮೇಲಿನ ಚಿತ್ರವನ್ನೇ ನಿಲ್ಲಿಸಿ, ಜಾನ್ ವಿಲಿಯಮ್ಸ್ ತಮಗೆ ಸರಿಯೆನಿಸಿದ ಗತಿಯಲ್ಲಿ ವಾದ್ಯವೃಂದವನ್ನು ನಡೆಸಲು ಬಿಟ್ಟು, ಆಮೇಲೆ ಚಿತ್ರವನ್ನು ಸಂಗೀತಕ್ಕೆ ಹೊಂದಿಸಿದರು. ನನ್ನ ತೂಕದ ನಿರ್ದೇಶಕನಿಗೆ ಅದೆಲ್ಲ ಸಾಧ್ಯವಿಲ್ಲವೆಂದು ಅಂದುಕೊಂಡಿದ್ದೆ. ಆದರೆ ಮೊನ್ನೆ ಆ 48 ಫ್ರೇಮುಗಳನ್ನು ಮರಳಿ ಸೇರಿಸಿದೆವು, ಮತ್ತು ತಂದೆ ಪೆಡಲನ್ನು ಒಮ್ಮೆ ಸುಮ್ಮನೆ ತಿರುಗಿಸುವುದು ಆ ಎರಡು ಸೆಕೆಂಡಿನಲ್ಲೇ ಇತ್ತು.

ಅವರ ಪ್ರಶ್ನೆಗೆ ಇವತ್ತು ಬೆಳಿಗ್ಗೆ ನಾನು ಉತ್ತರ ಕೊಟ್ಟೆ. ಅಪ್ಪನಿಗೆ ನಿರಾಳವಾಗಿದೆ, ಹಾಗೆ ನಿರಾಳವಾದುದಕ್ಕೇ ಅವನಿಗೆ ದುಃಖವಾಗಿದೆ ಎಂದೆ. ಅವರು ತಲೆಯಾಡಿಸಿ, ಬರೆದಿದ್ದುದರಲ್ಲಿ ನಾಲ್ಕು ಸಾಲು ಹೊಡೆದುಹಾಕಿದರು. ಈಗ ಕೆಂಪು ದೀಪ ಹತ್ತಿದೆ, ರೆಕಾರ್ಡಿಂಗ್ ಶುರುವಾಗುತ್ತಿದೆ, ನಾನು ಕ್ಯಾಮೆರಾ ಆರಿಸಬೇಕು.