ಕಟ್ಟಡಕ್ಕೆ ದುಡ್ಡಿದೆ, ಟೀಚರಿಗೆ ಯಾಕಿಲ್ಲ?

ಕೇಳುಗರಿಗೆ ನಮಸ್ಕಾರ.

ಡಲ್ಲಾಸ್ ನಗರದ ಉತ್ತರಕ್ಕೆ, ಪ್ರಾಸ್ಪರ್, ಸೆಲೈನಾ ಕಡೆಯ ಹೊಸ ಬಡಾವಣೆಗಳಲ್ಲಿ ಮನೆ ಮಾಡಿರುವ ಕನ್ನಡದವರೂ ಇದ್ದಾರೆ. ಅಂಥ ಊರುಗಳಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವವರಿಗೆ ಒಂದು ಸಂಶಯ ಬರುವುದು ಸಹಜ. ಕೋಟಿಗಟ್ಟಲೆ ಡಾಲರಿನ ಹೊಸ ಶಾಲೆ ಎದ್ದು ನಿಂತಿದೆ. ಇನ್ನೊಬ್ಬ ಟೀಚರನ್ನು ನೇಮಿಸಲು ಮಾತ್ರ ದುಡ್ಡಿಲ್ಲ ಅನ್ನುತ್ತಾರೆ. ಇದೆಂಥ ಲೆಕ್ಕ?

ಇದು ಎರಡು ಬೇರೆ ಬೇರೆ ಹುಂಡಿಗಳ ಲೆಕ್ಕ. ಟೆಕ್ಸಸ್ಸಿನಲ್ಲಿ ಮನೆ ತೆರಿಗೆಯ ಬಿಲ್ಲಿನಲ್ಲಿರುವ ಶಾಲಾ ತೆರಿಗೆಗೆ ಎರಡು ಭಾಗ. ಒಂದು ಎಂ ಅಂಡ್ ಓ: ಸಂಬಳ, ಕರೆಂಟು, ಬಸ್ಸಿನ ಡೀಸೆಲ್ ಎಲ್ಲ ಇದರಿಂದ. ಇನ್ನೊಂದು ಐ ಅಂಡ್ ಎಸ್: ಬಾಂಡ್, ಅಂದರೆ ಸಾಲಪತ್ರ, ಮಾರಿ ಎತ್ತಿದ ಸಾಲದ ಅಸಲು, ಬಡ್ಡಿ ತೀರಿಸಲು. ಮತದಾರರು ಒಪ್ಪಿದ ಬಾಂಡ್ ಹಣದಲ್ಲಿ ಜಮೀನು ಕೊಳ್ಳಬಹುದು, ಕೊಠಡಿ ಕಟ್ಟಬಹುದು, ಬಸ್ಸು ತರಬಹುದು. ಒಬ್ಬ ಟೀಚರಿಗೆ ಒಂದು ತಿಂಗಳ ಸಂಬಳ ಕೊಡುವಂತಿಲ್ಲ.

ಬಾಂಡಿಗೂ ಒಂದು ಗೆರೆಯಿದೆ. ಹೊಸ ಬಾಂಡ್ ಮಾರುವ ಮುಂಚೆ, 100 ಡಾಲರ್ ಆಸ್ತಿ ಮೌಲ್ಯಕ್ಕೆ 50 ಸೆಂಟ್ ತೆರಿಗೆ ದರದೊಳಗೇ ಹಳೆಯ ಮತ್ತು ಹೊಸ ಸಾಲ ಎರಡನ್ನೂ ತೀರಿಸಬಲ್ಲೆವು ಎಂದು ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ, ತೋರಿಸಬೇಕು. ಬೇಗ ಬೆಳೆಯುವ ಡಿಸ್ಟ್ರಿಕ್ಟುಗಳು ಈ ಗೆರೆಯ ಹತ್ತಿರವೇ ಓಡಾಡುತ್ತಿರುತ್ತವೆ. ಆಗ ಮತದಾರರು ಒಪ್ಪಿದ್ದರೂ ಬಾಂಡನ್ನು ಕಂತುಕಂತಾಗಿ ಮಾರಬೇಕಾಗುತ್ತದೆ, ಕಟ್ಟಡ ಹಿಂದೆ ಬೀಳುತ್ತದೆ, ಆಟದ ಮೈದಾನದ ಅಂಚಿನಲ್ಲಿ ಪೋರ್ಟಬಲ್ ಎನ್ನುವ ತಾತ್ಕಾಲಿಕ ಕೊಠಡಿಗಳು ಬಂದು ಕೂರುತ್ತವೆ.

ಕಟ್ಟಡ ಮುಗಿದ ಮೇಲೆ ಇನ್ನೊಂದು ಬಿಕ್ಕಟ್ಟು. ಶಾಲೆ ತೆರೆದ ದಿನವೇ ಪ್ರಿನ್ಸಿಪಾಲ್, ನರ್ಸ್, ಮಕ್ಕಳ ಆಪ್ತಸಲಹೆಗಾರರು, ಗ್ರಂಥಪಾಲಕರು, ಅಡುಗೆಯವರು, ಸ್ವಚ್ಛತೆಯವರು ಎಲ್ಲರೂ ಬೇಕು. ಮಕ್ಕಳು ಅರ್ಧದಷ್ಟೇ ಇದ್ದರೂ ಈ ಖರ್ಚು ಅರ್ಧವಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ಅರ್ಧ ತುಂಬಿದ ಹೊಸ ಶಾಲೆಯಷ್ಟು ದುಬಾರಿ ಶಾಲೆ ಇನ್ನೊಂದಿಲ್ಲ. ಆದ್ದರಿಂದ ಬಾಂಡಿನ ಚರ್ಚೆಯಲ್ಲಿ ಕಟ್ಟುವ ವೆಚ್ಚ ಕೇಳಿ ಸುಮ್ಮನಾಗಬೇಡಿ. ತೆರೆದ ಮೊದಲ ವರ್ಷದ ಎಂ ಅಂಡ್ ಓ ಖರ್ಚು ಎಷ್ಟು, ಅದು ಎಲ್ಲಿಂದ ಬರುತ್ತದೆ ಎಂದೂ ಕೇಳಿ.

ಮಗುವೊಂದಕ್ಕೆ ರಾಜ್ಯ ನಿಗದಿ ಮಾಡಿರುವ ಮೂಲ ಮೊತ್ತ 2019ರಲ್ಲಿ 6,160 ಡಾಲರ್ ಆಯಿತು. ಬೆಲೆಗಳು ಏರುತ್ತಲೇ ಹೋದವು, ಈ ಮೊತ್ತ ಅಲ್ಲೇ ನಿಂತಿತು. 2025ರ ಕಾನೂನು ಅದಕ್ಕೆ 55 ಡಾಲರ್ ಸೇರಿಸಿ 6,215 ಮಾಡಿತು. ಸಂಬಳ ಏರಿಕೆಗೆ ಬೇರೆಯಾಗಿ ಹಣ ಮೀಸಲಿಟ್ಟಿತು. ಮನೆಯ ಬೆಲೆ ಏರಿ ತೆರಿಗೆ ಹೆಚ್ಚಿದರೆ ಶಾಲೆಗೂ ಅಷ್ಟು ಹೆಚ್ಚು ಸಿಗುತ್ತದೆ ಅಂದುಕೊಳ್ಳಬೇಡಿ. ಸ್ಥಳೀಯ ತೆರಿಗೆ ಏರಿದಷ್ಟೂ ರಾಜ್ಯ ತನ್ನ ಪಾಲನ್ನು ಇಳಿಸಿಕೊಳ್ಳುತ್ತದೆ.

ಮಕ್ಕಳು ಹೆಚ್ಚಾದರೆ ಹಣವೂ ಹೆಚ್ಚುತ್ತದಲ್ಲ? ಹೆಚ್ಚುತ್ತದೆ, ಆದರೆ ಮಕ್ಕಳು ತರಗತಿಯ ಅಳತೆಗೆ ತಕ್ಕಂತೆ ಬರುವುದಿಲ್ಲ. ಕಿಂಡರ್‌ಗಾರ್ಟನ್‌ನಿಂದ ನಾಲ್ಕನೆಯ ತರಗತಿವರೆಗೆ ಒಂದು ಕೊಠಡಿಗೆ 22 ಮಕ್ಕಳೆಂಬ ಮಿತಿ ಕಾನೂನಿನಲ್ಲೇ ಇದೆ. 23ನೆಯ ಮಗು ಬಂತು ಅನ್ನಿ. ತರಗತಿಯನ್ನು 12, 11 ಎಂದು ಒಡೆದು ಹೊಸ ಟೀಚರನ್ನು ತರಬೇಕು, ಇಲ್ಲವೇ ರಾಜ್ಯದ ಶಿಕ್ಷಣ ಇಲಾಖೆಯಾದ ಟೆಕ್ಸಸ್ ಎಜುಕೇಶನ್ ಏಜೆನ್ಸಿಯ ಬಳಿ ವಿನಾಯಿತಿ ಬೇಡಬೇಕು. ಆ ಒಂದು ಮಗು ತಂದದ್ದು ಸುಮಾರು ಆರು ಸಾವಿರ. ಟೀಚರ್ ಸಂಬಳ ಅದರ ಹತ್ತುಪಟ್ಟು. ಮಿತಿ ಮೀರಿದರೆ ಪೋಷಕರಿಗೆ ಪತ್ರ ಬರುತ್ತದೆ, ಅದನ್ನು ಓದದೆ ಬಿಸಾಡಬೇಡಿ. ಐದನೆಯ ತರಗತಿಯಿಂದ ಮೇಲೆ ಕೊಠಡಿಗೆ ಇಂಥ ಮಿತಿಯಿಲ್ಲ, ಹಾಗಾಗಿ ಒತ್ತಡವೆಲ್ಲ ಹರಿದು ಹೋಗುವುದು ಅಲ್ಲಿಗೇ.

ಹಾಗೆಂದು ಕಂಡಲ್ಲೆಲ್ಲ ಶಾಲೆ ಕಟ್ಟುವುದೂ ಜಾಣತನವಲ್ಲ. ಡಲ್ಲಾಸ್ ಪಕ್ಕದಲ್ಲೇ ಉತ್ತರಕ್ಕಿರುವ, ಒಂದು ಕಾಲಕ್ಕೆ ಹೀಗೆಯೇ ಉಬ್ಬಿ ಬೆಳೆದ ಪ್ಲೇನೋ ಡಿಸ್ಟ್ರಿಕ್ಟ್ 2024ರಲ್ಲಿ ನಾಲ್ಕು ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಮಕ್ಕಳು ಬೆಳೆದರು, ತಂದೆತಾಯಿ ಅದೇ ಮನೆಯಲ್ಲಿ ಉಳಿದರು, ಎಳೆಯ ಸಂಸಾರಗಳು ಅಗ್ಗದ ಮನೆ ಹುಡುಕಿ ಇನ್ನೂ ಉತ್ತರಕ್ಕೆ ಹೋದವು.

ಇನ್ನು ಹಾಜರಿಯ ವಿಷಯ. ಟೆಕ್ಸಸ್ ಹಣ ಕೊಡುವುದು ದಾಖಲಾದ ಮಕ್ಕಳ ಸಂಖ್ಯೆಗಲ್ಲ, ದಿನದ ಸರಾಸರಿ ಹಾಜರಿಗೆ. 1,000 ಮಕ್ಕಳಿರುವ ಶಾಲೆಯಲ್ಲಿ ಹಾಜರಿ ಶೇಕಡಾ 94 ಇದ್ದರೆ ಹಣ 940 ಮಕ್ಕಳಿಗೆ. ಉಳಿದ 60 ಮಕ್ಕಳಿಗೂ ಬೆಂಚು, ಪುಸ್ತಕ, ಟೀಚರ್ ಬೇಕು, ಆದರೆ ಮೂಲ ಮೊತ್ತವೊಂದರಲ್ಲೇ ವರ್ಷಕ್ಕೆ 3,72,900 ಡಾಲರ್ ಖೋತಾ. ಬಜೆಟ್ ಮಾಡುವಾಗ ಹಾಜರಿಯನ್ನು ಒಂದೆರಡು ಶೇಕಡಾ ಹೆಚ್ಚಾಗಿ ಅಂದಾಜಿಸಿದರೂ ವರ್ಷದ ಕೊನೆಗೆ ದೊಡ್ಡ ತೂತು ಬೀಳುತ್ತದೆ. ಬಜೆಟ್ ಸಭೆಯಲ್ಲಿ ಈ ಅಂದಾಜು ಎಷ್ಟೆಂದು ಕೇಳಲು ಪೌರತ್ವ ಬೇಕಿಲ್ಲ. ಮತ ಹಾಕಲು ಮಾತ್ರ ಬೇಕು.

ಚಳಿಗಾಲದ ರಜೆಗೆ ಊರಿಗೆ ಹೋಗಿ ಎರಡು ವಾರ ತಡವಾಗಿ ಮರಳಿದರೆ ಹತ್ತು ಶಾಲಾ ದಿನ ಹೋಗುತ್ತದೆ. ವರ್ಷಕ್ಕೆ 175 ದಿನವೆಂದು ಹಿಡಿದರೆ ಮಗುವೊಂದಕ್ಕೆ ಸುಮಾರು 355 ಡಾಲರ್ ಶಾಲೆಗೆ ಖೋತಾ. ದೀಪಾವಳಿಯ ಮಾತು ಬೇರೆ. ಧಾರ್ಮಿಕ ಹಬ್ಬದ ಆಚರಣೆಗೆಂದು ಬರೆದುಕೊಟ್ಟರೆ ಆ ದಿನ ಹಣದ ಲೆಕ್ಕಕ್ಕೆ ಹಾಜರಿಯೇ. ವೈದ್ಯರ ಬಳಿ ಹೋಗಿ ಅದೇ ದಿನ ತರಗತಿಗೆ ಮರಳಿದ ಮಗುವಿಗೂ, ವೈದ್ಯರ ಚೀಟಿಯಿದ್ದರೆ, ಹಾಗೆಯೇ. ಆ ಚೀಟಿಯನ್ನು ಮಗುವಿನ ಬ್ಯಾಗಿನಲ್ಲೇ ಬಿಡದೆ ಶಾಲೆಯ ಹಾಜರಿ ಕಚೇರಿಗೆ ಮುಟ್ಟಿಸಿ.